ಮುಂದಿನ ಸಾಲಿನಲ್ಲಿ ವೆರ್ನಾ

ವೆರ್ನಾಳ ನೀಲಿ ಕಾರು ಮತ್ತೆ ವಕೀಲರ ಕಚೇರಿಯ ಮುಂದೆ ನಿಂತಿತ್ತು. ಎದುರಿನ ಬೇಕರಿಯ ಕಿಟಕಿಯಿಂದ ಅದನ್ನು ಕಂಡ ಆರ್ಡಿಸ್, ಕೈಯಲ್ಲಿದ್ದ ಕಾಫಿ ಕುಡಿಯುವುದನ್ನೇ ಮರೆತಳು.

ಅಮೆರಿಕದ ಓಹಾಯೋ ರಾಜ್ಯದ ಆ ಸಣ್ಣ ಊರಿನ ಪರಂಪರೆ ಸಂಘಕ್ಕೆ ಆರ್ಡಿಸ್ ಅಧ್ಯಕ್ಷೆ. ಆದರೆ ಸಂಘ ನಡೆಯುತ್ತಿದ್ದುದು ವೆರ್ನಾ ಹ್ಯಾಸ್ಕೆಲ್‌ಳಿಂದ. ಹಳೆಯ ಸೈನಿಕರ ಸಮಾಧಿಗಳ ಪಾಚಿ ಉಜ್ಜುವವಳು, ಶಾಲೆಗಳಲ್ಲಿ ಸ್ವಾತಂತ್ರ್ಯ ಸಮರದ ಕಥೆ ಹೇಳುವವಳು, ಲೈಬ್ರರಿಯ ನೆಲಮಾಳಿಗೆಯಲ್ಲಿ ವಲಸೆ ಬಂದವರಿಗೆ ಪೌರತ್ವ ಪರೀಕ್ಷೆಯ ಪಾಠ ಮಾಡುವವಳು ಅವಳೇ. ಅರವತ್ತಾದರೂ ಒಂದು ಕ್ಲಾಸು ತಪ್ಪಿಸಿದವಳಲ್ಲ.

ಈಚೆಗೆ ಮಾತ್ರ ಏನೋ ಸರಿಯಿರಲಿಲ್ಲ. ಫ್ರಾನ್ಸಿನಲ್ಲಿರುವ ಅಮೆರಿಕನ್ ಯೋಧರ ಸಮಾಧಿಗಳನ್ನು ನೋಡಲು ಸಂಘದವರು ಹೊರಟಾಗ, ಮಂಡಿನೋವೆಂದು ಹೇಳಿ ಹಿಂದೆ ಸರಿದಳು. ಅದೇ ವಾರ ಏಣಿ ಹತ್ತಿ ಸಂಘದ ಕಿಟಕಿ ಒರೆಸುತ್ತಿದ್ದಳು. ನವೆಂಬರಿನ ಚುನಾವಣೆಯಲ್ಲಿ ಮತ ಹಾಕಲಿಲ್ಲ. ಕೇಳಿದರೆ ನೆಗಡಿ ಎಂದಳು. ಊರಿನ ಮುದುಕರನ್ನೆಲ್ಲ ಕಾರಿನಲ್ಲಿ ಮತಗಟ್ಟೆಗೆ ಕರೆದೊಯ್ಯುತ್ತಿದ್ದವಳು!

ಆರ್ಡಿಸ್ ತಡೆಯಲಾರದೆ ರಸ್ತೆ ದಾಟಿ, ಕಚೇರಿಯಿಂದ ಹೊರಬಂದ ವೆರ್ನಾಳನ್ನು ಕಾರಿನ ಬಳಿಯೇ ಹಿಡಿದಳು.

"ಕಾಯಿಲೆಯಾ? ಕೋರ್ಟು ಕೇಸಾ? ನನ್ನ ಹತ್ರಾನೂ ಹೇಳಬಾರದಾ?"

"ಹೇಳಿದ್ರೆ ನೀನು ನನ್ನನ್ನ ನೋಡೋ ರೀತಿನೇ ಬದಲಾಗುತ್ತೆ, ಆರ್ಡಿಸ್."

"ಸಂಘ ಬಿಡ್ತೀಯಾ?"

"ಬಿಡೋ ಹಾಗೆ ಮಾಡ್ಬೇಡಪ್ಪಾ ಅಂತಾನೇ ದೇವರನ್ನ ಬೇಡ್ಕೊಳ್ತಿದೀನಿ." ವೆರ್ನಾ ಒಳಗೆ ಕೂತು ಕಾರಿನ ಬಾಗಿಲು ಹಾಕಿಕೊಂಡಳು.

ಮುಂದಿನ ತಿಂಗಳು ನ್ಯಾಯಾಲಯದಲ್ಲಿ ಹೊಸ ಪ್ರಜೆಗಳ ಪ್ರಮಾಣವಚನ. ಎಂದಿನಂತೆ ಸಂಘದ ಹೆಂಗಸರು ಬಾಗಿಲ ಬಳಿ ಮೇಜು ಹಾಕಿ, ಪುಟ್ಟ ಬಾವುಟ, ಬಿಸ್ಕತ್ತು, ನಿಂಬೆ ಶರಬತ್ತು ಜೋಡಿಸಿದರು. ವೆರ್ನಾ ಎಲ್ಲರಿಗಿಂತ ಮೊದಲೇ ಬಂದಿದ್ದಳು. ಆದರೆ ಮೇಜಿನ ಬಳಿ ಇರಲಿಲ್ಲ. ಮುಂದಿನ ಸಾಲಿನಲ್ಲಿ, ತನ್ನ ವಿದ್ಯಾರ್ಥಿನಿ ಧನ್‌ಮಾಯಾಳ ಪಕ್ಕ ಕುಳಿತಿದ್ದಳು. ಭೂತಾನದಿಂದ ನಿರಾಶ್ರಿತಳಾಗಿ ಬಂದ ಧನ್‌ಮಾಯಾ ಹೊಸ ಸೀರೆ ಉಟ್ಟಿದ್ದಳು.

ಆರ್ಡಿಸ್ ಹತ್ತಿರ ಹೋಗಿ ಪಿಸುಗುಟ್ಟಿದಳು. "ಅಲ್ಲಿ ಅಷ್ಟು ಕೆಲಸ ಬಿದ್ದಿದೆ. ಇಲ್ಲಿ ಬಂದು ಕೂತಿದೀಯಲ್ಲ?"

"ಇವತ್ತು ಜೊತೆಗಿರ್ತೀನಿ ಅಂತ ಇವಳಿಗೆ ಮಾತು ಕೊಟ್ಟಿದೀನಿ."

ಆರ್ಡಿಸ್ ಗೊಣಗುತ್ತ ಹಿಂದಿನ ಸಾಲಿನಲ್ಲೇ ಕುಳಿತಳು. ಧನ್‌ಮಾಯಾ ವೆರ್ನಾಳ ಬೆರಳು ಮುಟ್ಟಿ ನೋಡಿದಳು.

"ಟೀಚರ್, ನಿಮ್ಮ ಕೈ ಮಂಜುಗಡ್ಡೆ ಆಗಿದೆ. ಭಯ ನನಗಲ್ವಾ ಆಗ್ಬೇಕಾದ್ದು?"

"ನಿಂಗೊಬ್ಬಳಿಗೇ ಯಾಕೆ?" ಎಂದಳು ವೆರ್ನಾ. ನಗಲು ಹೋದಳು, ಆಗಲಿಲ್ಲ.

ನ್ಯಾಯಾಧೀಶರು ಬಂದರು. ಪದ್ಧತಿಯಂತೆ ಒಂದೊಂದೇ ದೇಶದ ಹೆಸರು ಕರೆಯತೊಡಗಿದರು. ಆ ದೇಶದವರು ಎದ್ದು ನಿಲ್ಲಬೇಕು.

"ಭೂತಾನ್."

ಧನ್‌ಮಾಯಾ ಎದ್ದಳು. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಆರ್ಡಿಸ್ ಕೂಡ ಮನಸಾರೆ ಚಪ್ಪಾಳೆ ತಟ್ಟಿದಳು.

"ಇಥಿಯೋಪಿಯಾ." ಒಂದು ಕುಟುಂಬ ಎದ್ದಿತು.

"ಜರ್ಮನಿ."

ಯಾರೂ ಏಳಲಿಲ್ಲ. ನ್ಯಾಯಾಧೀಶರು ಕನ್ನಡಕದ ಮೇಲಿಂದ ಸಭೆಯನ್ನು ನೋಡಿ ಮತ್ತೊಮ್ಮೆ ಕರೆದರು.

ವೆರ್ನಾ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು.

ಆರ್ಡಿಸ್ ಹಿಂದಿನಿಂದ ಅವಳ ತೋಳು ಜಗ್ಗಿದಳು. "ಕೂತ್ಕೊಳ್ಳೇ! ಕರೀತಿರೋದು ನಿನ್ನನ್ನಲ್ಲ."

ವೆರ್ನಾ ತಿರುಗಿ ನೋಡಲಿಲ್ಲ. "ನನ್ನನ್ನೇ, ಆರ್ಡಿಸ್. ಅಪ್ಪ ಅಮೆರಿಕದ ಸೈನ್ಯದ ಜೊತೆ ಅಲ್ಲಿದ್ದಾಗ ನನ್ನನ್ನ ದತ್ತು ತಗೊಂಡ, ಕೂಸಾಗಿದ್ದಾಗಲೇ ಎತ್ಕೊಂಡು ಬಂದ. ಈ ದೇಶದ ಪ್ರಜೆ ಮಾಡಿಸೋದನ್ನ ಮಾತ್ರ ಮರೆತುಬಿಟ್ಟ. ಫ್ರಾನ್ಸಿಗೆ ಬರೋಕೆ ಅಂತ ಪಾಸ್‌ಪೋರ್ಟ್ ಕೇಳೋಕೆ ಹೋದಾಗಲೇ ನಂಗೂ ಗೊತ್ತಾಗಿದ್ದು."