ಟವೆಲಿನ ಕೆಳಗೆ

ಮುನಿಯಲ್ಲಮ್ಮ ಟವೆಲಿನೊಳಗೆ ಕೈ ತೂರಿಸಿಯೇ ಬಿಟ್ಟಳು.

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ನೆರೆದಿದ್ದ ಗಂಡಸರೆಲ್ಲ ಕತ್ತು ಚಾಚಿದರು. ದಲ್ಲಾಳಿ ಕೋದಂಡರಾಮಪ್ಪನೂ ಚಿತ್ತೂರಿನ ವ್ಯಾಪಾರಿಯೂ ಟವೆಲಿನ ಮರೆಯಲ್ಲಿ ಕೈ ಹಿಡಿದು, ಬೆರಳು ಅದುಮಿ ರೇಟು ಕುದುರಿಸುವುದು ಅಲ್ಲಿಯ ಪದ್ಧತಿ. ಹಣ್ಣು ಬೆಳೆದವನು ಅದನ್ನು ನೋಡುವಂತಿಲ್ಲ. ಹೆಂಗಸಂತೂ ಹತ್ತಿರ ಸುಳಿಯುವಂತಿಲ್ಲ. ಆದರೆ ಈ ಸಲವೂ ರೇಟು ಬಿದ್ದರೆ ಸಾಲಕ್ಕೆ ಮುನಿಯಲ್ಲಮ್ಮನ ತೋಟ ದಲ್ಲಾಳಿಯ ಪಾಲು.

“ಏಮಮ್ಮಾ, ಪಿಚ್ಚಾ ನೀಕು?” ಹುಚ್ಚೇ ನಿನಗೆ ಎಂದು ವ್ಯಾಪಾರಿ ತೆಲುಗಿನಲ್ಲಿ ಎಗರಿದ.

ಅವಳು ಕೈ ತೆಗೆಯಲಿಲ್ಲ. ಒಳಗೇ ತಡಕಿದಳು.

“ಸುಬ್ಬರಾಯಣ್ಣ... ಇಲ್ಲಿ ಬೆರಳೇ ಆಡ್ತಿಲ್ಲ.”

“ಏನಂದೆ?” ಪಕ್ಕದ ತೋಟದ ಸುಬ್ಬರಾಯಪ್ಪ ಮುಂದೆ ಬಂದ.

“ಸುಮ್ನೆ ಕೈ ಮೇಲೆ ಕೈ ಇಟ್ಕೊಂಡವ್ರೆ ಕಣಣ್ಣ, ಮಲಗಿರೋ ಕೂಸುಗಳ ತರ. ಕುಣೀತಿರೋದು ಬರೀ ಮೊಳಕೈ!”

ಟವೆಲನ್ನು ಕಿತ್ತೆಸೆದಳು. ಎರಡು ಕೈಗಳು ಬೆತ್ತಲೆ ಬಿದ್ದಿದ್ದವು. ಹೂ ಬಿಡುವಾಗಲೇ ಸಾಲ ಕೊಟ್ಟು, ಹಣ್ಣು ತನ್ನ ಮಂಡಿಗೇ ಬರಬೇಕೆಂದು ಕಟ್ಟಿಹಾಕಿದ್ದ ಕೋದಂಡರಾಮಪ್ಪ, ರೇಟನ್ನು ವ್ಯಾಪಾರಿಯ ಜೊತೆ ಬೆಳಗಿನ ಕಾಫಿಗೇ ಮುಗಿಸಿಕೊಂಡಿದ್ದ. ಮೊಳಕೈ ಕುಣಿದಷ್ಟೂ ರೇಟು ಏರುತ್ತಿದೆಯೆಂದು ನಂಬಿ, ವರ್ಷವರ್ಷವೂ ದೂರ ನಿಂತು ದೇವರಿಗೆ ಕೈಮುಗಿದಿದ್ದ ಸುಬ್ಬರಾಯಪ್ಪ ಬಿದ್ದಿದ್ದ ಟವೆಲನ್ನು ತುಳಿದು ಆಳುಗಳತ್ತ ತಿರುಗಿದ.

“ಹಣ್ಣು ಟ್ರ್ಯಾಕ್ಟರಿಗೆ ತುಂಬ್ರೋ,” ಎಂದ.

“ನನ್ನ ಸಾಲ ಯಾವನ್ಲಾ ತೀರಿಸ್ತಾನೆ?” ಕೋದಂಡರಾಮಪ್ಪ ಅಡ್ಡ ನಿಂತ.

“ಒಬ್ಬೊಬ್ರೇ ಬಂದಿದ್ದಕ್ಕೆ ನಿನ್ನ ಕಾಲು ಹಿಡಿದ್ವಿ. ಇನ್ಮೇಲೆ ಊರೆಲ್ಲಾ ಸೇರಿ ತೀರಿಸ್ತೀವಿ. ಬಿಡು ದಾರಿ.”

ಸಂಘ ಹುಟ್ಟಿದ್ದು ಹೀಗೆ. ಒಬ್ಬರ ಸಾಲಕ್ಕೆ ಊರೇ ಜಾಮೀನು. ಎಲ್ಲರ ಹಣ್ಣೂ ಒಂದೇ ರಾಶಿ. ರೇಟು ಮಾತ್ರ ನಾಲ್ಕು ಜನಕ್ಕೆ ಕೇಳುವಂತೆ ಬಾಯಿಬಿಟ್ಟೇ ಕೂಗಬೇಕು. ಸುಬ್ಬರಾಯಪ್ಪನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಮುನಿಯಲ್ಲಮ್ಮನ ತೋಟ ಉಳಿಯಿತು.

ಮರುವರ್ಷ ಸಂಘದ ಅಂಗಳಕ್ಕೆ ಮೊದಲ ರಾಶಿ ಬಂದು ಬಿತ್ತು. ಅದೇ ಚಿತ್ತೂರಿನ ವ್ಯಾಪಾರಿಯೂ ಬಂದ. “ಅಧ್ಯಕ್ಷರಿಗೆ ನಮಸ್ಕಾರ!” ಎಂದು ಹಲ್ಲು ಬಿಟ್ಟು ಕೈ ಚಾಚಿದ. ಅಧ್ಯಕ್ಷ ಅನ್ನಿಸಿಕೊಂಡು ಅರಳಿದ ಸುಬ್ಬರಾಯಪ್ಪನೂ ಕೈ ಕೊಟ್ಟ. ಅವನ ಹೆಗಲ ಮೇಲಿದ್ದ ಟವೆಲು ಜಾರಿ ಇಬ್ಬರ ಕೈ ಮೇಲೆ ಬಿತ್ತು.

ಅಧ್ಯಕ್ಷ ಅದನ್ನು ತೆಗೆಯಲಿಲ್ಲ. ಮೊಳಕೈ ಮೆಲ್ಲಗೆ ಅಲ್ಲಾಡಿತು.

ರಾಶಿಯ ಪಕ್ಕ ಕೂತಿದ್ದ ಮುನಿಯಲ್ಲಮ್ಮ ಎದ್ದು ನಿಂತು, ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡಳು.