ಉಳಿದ ಬಟ್ಟೆ

ಮೈಕಿನ ಮುಂದೆ ನಿಂತ ದರ್ಜಿ ಹೆಂಗಸಿಗೆ ಹೇಳಿಕೊಳ್ಳಲು ಒಂದು ಪಾಪವೂ ನೆನಪಾಗಲಿಲ್ಲ. ದೀಕ್ಷಾಸ್ನಾನಕ್ಕೆ ಮೊದಲು ಎಲ್ಲರೆದುರು ಸಾಕ್ಷಿ ಹೇಳಬೇಕೆಂಬುದು ಆ ಕ್ರೈಸ್ತ ಸಭೆಯ ರೂಢಿ. ತಾನು ಎಂಥ ಪಾಪಿಯಾಗಿದ್ದೆ, ತನಗೆ ರಕ್ಷಣೆ ಯಾಕೆ ಬೇಕಾಯಿತು, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಅವಳಿಗಿಂತ ಮೊದಲು ಬಂದ ಲಾರಿ ಡ್ರೈವರ್ ಕುಡಿತ, ಜೂಜು, ಎರಡು ಸಲದ ಜೈಲು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿ, ಚಪ್ಪಾಳೆ ಗಿಟ್ಟಿಸಿ, ಮದುಮಗನ ಹಾಗೆ ಬೀಗುತ್ತ ಹೋಗಿ ಕೂತಿದ್ದ. ಇವಳು ವಾರವಿಡೀ ತಡಕಾಡಿದ್ದರೂ ಸಿಕ್ಕಿದ್ದು ನಾದಿನಿಯ ಮೇಲಿನ ಹೊಟ್ಟೆಕಿಚ್ಚು ಒಂದೇ. ಆ ನಾದಿನಿ ಮೂರನೇ ಸಾಲಿನಲ್ಲೇ ಕೂತು ಇವಳ ಬಾಯನ್ನೇ ನೋಡುತ್ತಿದ್ದಳು.

"ನಾನು... ಹೊಲಿಯೋಕೆ ಕೊಟ್ಟ ಬಟ್ಟೇಲಿ ಕದ್ದಿದ್ದೀನಿ," ಎಂದುಬಿಟ್ಟಳು.

"ದೇವರಿಗೆ ಸ್ತೋತ್ರ!" ಎಂದು ಇಡೀ ಸಭೆ ಎದ್ದು ನಿಂತಿತು. ಡ್ರೈವರನಿಗೆ ಬಿದ್ದ ಚಪ್ಪಾಳೆ ಇದರ ಮುಂದೆ ಏನೂ ಅಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಆರು ಜನ ಗಿರಾಕಿಗಳು ಕಾದಿದ್ದರು. ಒಬ್ಬೊಬ್ಬರೂ ಅವಳನ್ನು ಅಪ್ಪಿಕೊಂಡು, ಕಣ್ಣೊರೆಸಿಕೊಂಡು, ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ವಾಪಸು ತೆಗೆದುಕೊಂಡು ಹೋದರು. ಆ ವಾರ ಸಭೆಯ ಹಾಡುವ ತಂಡವಾದ ಕ್ವಾಯರಿನ ಹದಿನಾರು ಹೊಸ ನಿಲುವಂಗಿಗಳ ಬಟ್ಟೆ ಬರಬೇಕಿತ್ತು. ಬುಧವಾರವಾದರೂ ಬರಲಿಲ್ಲ. ಅವಳು ನೇರ ಪಾಸ್ಟರ ಮನೆಗೆ ಹೋದಳು.

"ಪಾಸ್ಟರ್, ನಾನು ಕದ್ದಿಲ್ಲ. ಸುಮ್ನೆ ಹೇಳ್ದೆ."

"ಸುಮ್ನೆ ಅಂದ್ರೆ?"

"ಪಾಪಿ ಅಂತ ಒಪ್ಪಿಕೊಳ್ಳದೋರಿಗೆ ರಕ್ಷಕ ಯಾಕೆ ಬೇಕು ಅಂತ ನೀವೇ ತಾನೆ ಹೇಳಿದ್ದು? ನನಗೆ ಏನೂ ಹೊಳೀಲಿಲ್ಲ. ಬರಿಗೈಲಿ ಹೇಗೆ ಬರ್ಲಿ?"

"ಅಂದ್ರೆ, ಪಾಪ ಒಪ್ಪಿಕೊಳ್ಳೋಕೋಸ್ಕರ ಸುಳ್ಳು ಹೇಳಿದ್ರಿ."

"ಹೂಂ."

"ದೇವರ ಮನೇಲಿ. ಅದೂ ಮೈಕಲ್ಲಿ."

"ಹೂಂ ಪಾಸ್ಟರ್."

"ಮತ್ತಿನ್ನೇನಮ್ಮ, ಒಂದು ಪಾಪ ಸಿಕ್ತಲ್ಲ!" ಪಾಸ್ಟರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ತಲೆ ಕೆರೆದುಕೊಂಡರು. "ಆದ್ರೆ ಒಂದು ತೊಂದ್ರೆ ಇದೆ. ನಿಮ್ಮ ಸಾಕ್ಷಿ ಕೇಳಿ ನಮ್ಮ ಹಾಲಿನವನು ನೀರು ಬೆರೆಸೋದು ಬಿಟ್ಟಿದ್ದಾನೆ. ಅದು ಸುಳ್ಳು ಅಂತ ಗೊತ್ತಾದ್ರೆ ನಾಳೆಯಿಂದ ಮತ್ತೆ ನೀರೇ."

"ಅವನ ಹಾಲಿಗಿಷ್ಟು ಬೆಂಕಿ ಹಾಕ! ನನ್ನ ಮಿಷನ್ ನಿಂತು ಮೂರು ದಿನ ಆಯ್ತು. ಇಪ್ಪತ್ತು ವರ್ಷದಲ್ಲಿ ಇನ್ನೊಬ್ಬರ ಬಟ್ಟೆ ಒಂದು ಗೇಣು ಮುಟ್ಟಿದೋಳಲ್ಲ ನಾನು. ಬನ್ನಿ, ಚೂರಿನ ಗಂಟೇ ಬಿಚ್ಚಿ ತೋರಿಸ್ತೀನಿ. ಕಣ್ಣಾರೆ ನೋಡಿ, ಭಾನುವಾರ ನೀವೇ ಎಲ್ರಿಗೂ ಹೇಳಿ."

ಅಂಗಡಿಯಲ್ಲಿ ಅವಳು ಗಂಟನ್ನು ನೆಲಕ್ಕೆ ಸುರಿದಳು. ಪಾಸ್ಟರು ಕುಕ್ಕರುಗಾಲಿನಲ್ಲಿ ಕೂತು ಒಂದೊಂದನ್ನೇ ಎತ್ತಿ ನೋಡಿದರು. ಎಲ್ಲವೂ ಬೆರಳಗಲದ ಚೂರುಗಳೇ. ಒಂದರಲ್ಲೂ ಗೊಂಬೆಗೆ ಅಂಗಿಯಾಗುವಷ್ಟು ಬಟ್ಟೆ ಇರಲಿಲ್ಲ.

"ನಿಜ ಕಣಮ್ಮ, ನಿಮ್ಮ ಕೈ ಶುದ್ಧ," ಎಂದು ಪಾಸ್ಟರು ಚಂಗನೆ ಎದ್ದರು.

ಅವಳು ಮಿಷನ್ನಿನ ಮುಂದಿದ್ದ ತನ್ನ ಕುರ್ಚಿಯನ್ನೇ ಎಳೆದು, "ಕೂತ್ಕೊಳ್ಳಿ ಪಾಸ್ಟರ್, ನಿಂತೇ ಇದ್ದೀರಲ್ಲ," ಎಂದಳು.

ಪಾಸ್ಟರು ಕೂರಲಿಲ್ಲ. ಕುರ್ಚಿಯ ಮೇಲಿನ ದಿಂಬನ್ನೇ ನೋಡುತ್ತ ನಿಂತರು. ಹೊಳಪಿನ ಕಡುನೀಲಿ ದಿಂಬು. ಆ ನೀಲಿಯನ್ನು ಅವರು ಏಳು ವರ್ಷಗಳಿಂದ ಪ್ರತಿ ಭಾನುವಾರ ಕ್ವಾಯರಿನ ಹದಿನಾರು ಜನರ ಮೈಮೇಲೆ ನೋಡುತ್ತ ಬಂದಿದ್ದರು.

"ಇದು?"

"ಅದಾ? ಅದು... ಅವತ್ತು ಅವರ ನಿಲುವಂಗಿ ಹೊಲಿದಾಗ ಉಳಿದಿತ್ತು."

"ಎಷ್ಟು ಉಳಿದಿತ್ತು?"

"ಒಂದು... ಒಂದೂವರೆ ಮೀಟರ್."

"ಅವರಿಗೆ ಹೇಳಿದ್ರಾ?"

"ಅವರು ಕೇಳ್ಲಿಲ್ವಲ್ಲ," ಎಂದವಳೇ ತನ್ನ ಮಾತು ತನಗೇ ಕೇಳಿಸಿದಂತಾಗಿ ಬಾಯಿ ಮುಚ್ಚಿಕೊಂಡಳು. ಗಿರಾಕಿಗಳು ಬಂದಾಗಲೆಲ್ಲ ಅವಳು ಅದರ ಮೇಲೆಯೇ ಕೂತು ಅಳತೆ ಬರೆದುಕೊಂಡಿದ್ದಳು. ಏಳು ವರ್ಷದಲ್ಲಿ ಒಂದು ದಿನವೂ ಅದು ಚುಚ್ಚಿರಲಿಲ್ಲ. "ಹಾಗಾದ್ರೆ ಭಾನುವಾರ ನಾನು ಹೇಳಿದ್ದು ನಿಜಾನೇ ಆಯ್ತಾ ಪಾಸ್ಟರ್?"

ಪಾಸ್ಟರು ಉತ್ತರ ಕೊಡುವಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಕ್ವಾಯರಿನ ಮುಂದಾಳು ಹೆಂಗಸು ಕಂಕುಳಲ್ಲಿ ಬಟ್ಟೆಯ ಸುರುಳಿ ಇಟ್ಟುಕೊಂಡು ಬರುತ್ತಿದ್ದಳು. ದರ್ಜಿಯ ಮುಖ ಬಿಳಿಚಿಕೊಂಡಿತು. ಪಾಸ್ಟರು ಒಮ್ಮೆ ಬಾಗಿಲ ಕಡೆ ನೋಡಿದರು, ಒಮ್ಮೆ ದಿಂಬಿನ ಕಡೆ. ಆಮೇಲೆ ದೊಪ್ಪನೆ ಕುರ್ಚಿಯಲ್ಲಿ ಕೂತು, ಕೋಟಿನ ಅಂಚನ್ನು ಎರಡೂ ಕಡೆಗೆ ಹರಡಿಕೊಂಡರು.

"ಅಕ್ಕಾ, ದೇವರು ಕ್ಷಮಿಸಿದ್ದಾನೆ, ನಾವೂ ಕ್ಷಮಿಸಿದ್ದೀವಿ," ಎನ್ನುತ್ತ ಒಳಬಂದವಳು ಸುರುಳಿಯನ್ನು ಮೇಜಿನ ಮೇಲಿಟ್ಟಳು. "ಸದ್ಯಕ್ಕೆ ಒಂದೇ ನಿಲುವಂಗಿ. ಆದ್ರೆ ನನ್ನೆದುರಿಗೇ ಕತ್ತರಿಸಿ." ಚೀಲದಿಂದ ತನ್ನದೇ ಟೇಪು ತೆಗೆದಳು.

ದರ್ಜಿ ನಿಂತೇ ಕತ್ತರಿಸಿದಳು. ಕತ್ತರಿ ಎರಡು ಸಲ ಗೆರೆ ತಪ್ಪಿತು. ಕೆಲಸ ಮುಗಿದಾಗ ಬಂದವಳು ಬೆರಳಗಲದ ಚೂರುಗಳನ್ನೂ ಬಿಡದೆ ಆರಿಸಿ ಚೀಲಕ್ಕೆ ತುಂಬಿಕೊಂಡಳು.

"ಪಾಸ್ಟರ್, ಸ್ವಲ್ಪ ಏಳಿ. ಅಕ್ಕ ಕೂತು ಹೊಲೀಲಿ."

ಪಾಸ್ಟರು ಕುರ್ಚಿಯ ಎರಡೂ ಅಂಚುಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಏಳೋಕಾಗ್ತಿಲ್ಲಮ್ಮ," ಎಂದರು, "ಬೆಳಿಗ್ಗೆಯಿಂದ ಸೊಂಟ ಹಿಡ್ಕೊಂಡಿದೆ."