ಮದುಮಗಳ ಹಲ್ಲು

"ಮೊದಲು ಈ ಥರ ತಿಕ್ಕೋದನ್ನ ನಿಲ್ಲಿಸಿ," ಎಂದರು ಹಲ್ಲಿನ ಡಾಕ್ಟರಮ್ಮ, ಹುಡುಗಿಯ ಬಾಯಿಂದ ಪುಟ್ಟ ಕನ್ನಡಿಯನ್ನು ಹೊರಗೆ ತೆಗೆಯುತ್ತಾ. "ವಸಡೆಲ್ಲ ಗಾಯ ಆಗಿದೆ. ಇಷ್ಟು ಜೋರಾಗಿ ಉಜ್ಜು ಅಂತ ಯಾರು ಹೇಳಿದ್ದು ಇವಳಿಗೆ?"

ಹುಡುಗಿಯ ಅಮ್ಮ ಗಂಡನ ಕಡೆ ನೋಡಿದಳು. ಗಂಡ ಗೋಡೆಯ ಗಡಿಯಾರ ನೋಡಿದ. ಬೆಳಗಾದರೆ ಮಗಳ ಬೆನ್ನ ಹಿಂದೆ ನಿಂತು, "ಹಲ್ಲು ಉಜ್ಜೋಕೂ ಬರಲ್ವೇನೇ ನಿಂಗೆ? ಹಳದಿ ಹೋಗೋವರೆಗೂ ಉಜ್ಜು" ಎಂದು ಗದರುವವನು ಅವನೇ. ನೆಂಟರಿಷ್ಟರು ಬಂದಾಗಲೂ ಬಿಡುತ್ತಿರಲಿಲ್ಲ. ಅವರೆದುರಿಗೆ ಇನ್ನೂ ಒಂದು ಕೈ ಹೆಚ್ಚೇ. ನಾಲ್ಕನೇ ಕ್ಲಾಸಿನ ಹುಡುಗಿ ಅಪ್ಪನ ಮಾತು ನಂಬಿಕೊಂಡು, ಹೊಸ ಬ್ರಷ್ಷು ವಾರದೊಳಗೆ ಕೆದರಿಹೋಗುವ ಹಾಗೆ ತಿಕ್ಕುತ್ತಿದ್ದಳು. ತಣ್ಣೀರು ಬಾಯಿಗೆ ಹಾಕಿದರೆ ಜುಂ ಎನ್ನುತ್ತದೆ ಎಂದು ಹೇಳಿದರೆ ಅದಕ್ಕೂ ಬೈಗುಳ.

"ಇದು ಕೊಳೆ ಅಲ್ಲ," ಎಂದರು ಡಾಕ್ಟರಮ್ಮ. "ಹಲ್ಲಿನ ಮೇಲೆ ಗಟ್ಟಿ ಪದರ ಇರುತ್ತಲ್ಲ, ಎನಾಮಲ್ಲು, ಅದು ಹಲ್ಲು ದವಡೆಯೊಳಗೆ ಬೆಳೀವಾಗಲೇ ಸರಿಯಾಗಿ ಕೂಡಿಬಂದಿಲ್ಲ. ಅದನ್ನ ಕಟ್ಟೋ ಜೀನಿನಲ್ಲೇ ದೋಷ ಇರುತ್ತೆ. ಸಾಮಾನ್ಯವಾಗಿ ಅಪ್ಪನ ಕಡೆಯಿಂದಲೋ ಅಮ್ಮನ ಕಡೆಯಿಂದಲೋ ಬರೋದು. ಇರೋ ತೆಳು ಪದರಾನೂ ನೀವು ತಿಕ್ಕಿ ತಿಕ್ಕಿ ಸವೆಸಿದ್ದೀರಿ. ಪಾಪ, ಇದರಲ್ಲಿ ಮಗೂದೇನು ತಪ್ಪು? ಮನೇಲಿ ಬೇರೆ ಯಾರಿಗಾದರೂ ಹೀಗಿತ್ತಾ? ಗೊತ್ತಾದರೆ ಇದು ಯಾವ ಬಗೆ ಅಂತ ಹಿಡಿಯೋದು ನಂಗೆ ಸುಲಭ."

"ನಮ್ಮತ್ತೆಯವರ ಹಲ್ಲು ನೋಡಬೇಕು ನೀವು!" ಹೆಂಡತಿ ಫೋನು ತೆಗೆದು ತೋರಿಸಿದಳು. ಅತ್ತೆಯನ್ನು ಅವಳು ಕಂಡವಳಲ್ಲ; ಸೊಸೆಯಾಗಿ ಬರುವ ಹೊತ್ತಿಗೆ ಅತ್ತೆ ಫೋಟೋ ಆಗಿದ್ದರು. "ಮುತ್ತು ಪೋಣಿಸಿದ ಹಾಗಿದೆ ಅಲ್ವಾ?"

ಡಾಕ್ಟರಮ್ಮ ಫೋಟೋ ನೋಡಿ ತಲೆಯಾಡಿಸಿ ಅವನ ಕಡೆ ತಿರುಗಿದರು. "ನಿಮ್ಮದೆಲ್ಲ ಕ್ಯಾಪ್ ಹಾಕಿಸಿದ್ದಲ್ವಾ?"

"ಸ್ಕೂಟರಿಂದ ಬಿದ್ದಿದ್ದೆ. ಮದುವೆಗೆ ಮುಂಚೆ." ಈ ಉತ್ತರ ಕೊಟ್ಟೂ ಕೊಟ್ಟೂ ಅವನಿಗೆ ಆ ಇಲ್ಲದ ಸ್ಕೂಟರಿನ ಬಣ್ಣ ಕೂಡ ಕಣ್ಣಿಗೆ ಕಟ್ಟುತ್ತಿತ್ತು.

"ಹಾಗಾದರೆ ನನ್ನ ಕಡೆಯದೇ," ಎಂದಳು ಹೆಂಡತಿ, ದನಿ ತಗ್ಗಿಸಿ. "ನಮ್ಮ ದೊಡ್ಡಪ್ಪನ ಹಲ್ಲು ಸ್ವಲ್ಪ ಹಳದಿ ಇತ್ತು. ಇವತ್ತೇ ಹೋಗಿ ಅಕ್ಕನ್ನ ಕೇಳ್ತೀನಿ." ಆಮೇಲೆ ಮಗಳ ತಲೆ ಸವರಿ, "ನನ್ನಿಂದಲೇ ಆಯ್ತಲ್ಲ ಪುಟ್ಟಾ" ಎಂದಳು. ಆಗಲಾದರೂ ಅವನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು. ನೆಲಕ್ಕೇನು ಗರಜು?

ಅವನದು ಬಸ್ ನಿಲ್ದಾಣದ ಎದುರಿಗೆ ಫೋಟೋ ಸ್ಟುಡಿಯೋ. ಫೋಟೋದಲ್ಲಿ ಹಲ್ಲು ಬಿಳಿ ಮಾಡಿಕೊಡುವುದರಲ್ಲಿ ಅವನದು ಎತ್ತಿದ ಕೈ. ಅದಕ್ಕೆಂದೇ ಹುಡುಕಿಕೊಂಡು ಬರುವ ಗಿರಾಕಿಗಳಿದ್ದರು. ಅವನ ಅಮ್ಮ ಬದುಕಿದ್ದಷ್ಟು ಕಾಲವೂ ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡೇ ನಕ್ಕವಳು. ಒಂದು ಸಲ ಮಾತ್ರ, ಅವನು ಕ್ಯಾಮೆರಾದ ಮುಚ್ಚಳ ತೆಗೆಯುವುದನ್ನೇ ಮರೆತು "ಸ್ವಲ್ಪ ನಗಮ್ಮ" ಎಂದಾಗ, ಅವಳು ಕೈ ಅಡ್ಡ ಇಡುವುದನ್ನು ಮರೆತು ಬಿದ್ದು ಬಿದ್ದು ನಕ್ಕಿದ್ದಳು. ಗಡಿಬಿಡಿಯಲ್ಲಿ ಮುಚ್ಚಳ ಕಿತ್ತು ತೆಗೆದ ಫೋಟೋ ಅದು. ಅವಳು ಹೋದ ಮೇಲೆ ಅದನ್ನು ದೊಡ್ಡದು ಮಾಡಲು ಕೂತವನಿಗೆ ಆ ಕಂದು ಬಣ್ಣದ ಮೊಂಡು ಹಲ್ಲು ಕಂಡು ನಾಚಿಕೆಯಾಯಿತು. ಅಷ್ಟು ಕೆಟ್ಟ ಹಲ್ಲಿಗೆ ಬಿಳಿ ಬಳಿದರೂ ಸಾಲದೆಂದು, ಯಾವುದೋ ಮದುಮಗಳ ಹಲ್ಲಿನ ಸಾಲನ್ನೇ ಕತ್ತರಿಸಿ ತಂದು ಅಮ್ಮನ ಬಾಯಿಗೆ ಕೂರಿಸಿಬಿಟ್ಟ. ಅಮ್ಮನ ಜೊತೆ ಆಡಿ ಬೆಳೆದವರು ಕೂಡ ಫೋಟೋ ನೋಡಿ, "ಎಂಥಾ ಚೆಂದದ ನಗು!" ಎಂದರು. ಮೂಲ ಫೋಟೋ ಅಳಿಸಲು ಮಾತ್ರ ಕೈ ಬಂದಿರಲಿಲ್ಲ.

ಸಂಜೆ ಹೆಂಡತಿ ಅಕ್ಕನ ಮನೆಗೆ ಹೋದಳು. ಮಗಳು ಸ್ಟುಡಿಯೋದ ಎತ್ತರದ ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತಾ, ಗೋಡೆಯ ಮೇಲಿನ ಅಜ್ಜಿಯನ್ನೇ ನೋಡುತ್ತಿದ್ದಳು.

"ನಿಮ್ಮೆಲ್ಲರ ಹಲ್ಲೂ ಚೆನ್ನಾಗಿದೆ. ನಂದೊಂದೇ ಯಾಕಪ್ಪಾ ಹೀಗೆ?"

ಕೇಳುವಾಗ ಅವಳ ಅಂಗೈ ಬಾಯಿಗೆ ಅಡ್ಡ ಹೋಗಿತ್ತು. ಅದನ್ನು ನೋಡಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. "ಬಾ ಇಲ್ಲಿ" ಎಂದು ಕರೆದು ಪಕ್ಕಕ್ಕೆ ಕೂರಿಸಿಕೊಂಡು, ಕಂಪ್ಯೂಟರಿನಲ್ಲಿ ಹಳೆಯ ಫೋಟೋ ಹುಡುಕಿ ತೆರೆದ. ಪರದೆಯ ಮೇಲೆ ಅವನ ಅಮ್ಮ ತನ್ನದೇ ಹಲ್ಲು ತೋರಿಸಿ ನಕ್ಕಳು. ಮುಂದಿನೆರಡು ಹಲ್ಲಿನ ಅಂಚು ಮುರಿದಿದ್ದು ಕೂಡ ಮಗಳ ಹಲ್ಲಿನಂತೆಯೇ.

"ಅಜ್ಜಿಯ ನಿಜವಾದ ಹಲ್ಲು ಇದು," ಎಂದ. "ಗೋಡೆ ಮೇಲಿರೋದು ನಾನು ಮಾಡಿದ್ದು." ಇನ್ನು ಕ್ಯಾಪಿಗೆ ಮುಂಚೆ ತನ್ನ ಹಲ್ಲೂ ಹೀಗೇ ಇತ್ತೆಂದು ಹೇಳಿಬಿಡಬೇಕು, ಸ್ಕೂಟರಿನ ಕಥೆಗೂ ಒಂದು ಮಂಗಳ ಹಾಡಬೇಕು, ರಾತ್ರಿ ಹೆಂಡತಿಯ ಮುಂದೆ ತಲೆ ತಗ್ಗಿಸಬೇಕು ಎಂದುಕೊಳ್ಳುತ್ತಾ ಮಗಳ ಮುಖ ನೋಡಿದ. ಅಲ್ಲಿ ಈಗ ಸಮಾಧಾನ ಕಾಣುತ್ತದೆ ಎಂದು ಕಾದ.

ಮಗಳು ಪರದೆಯ ಹತ್ತಿರಕ್ಕೆ ಮುಖ ತಂದು ಬಹಳ ಹೊತ್ತು ನೋಡಿದಳು. ಅಜ್ಜಿಯ ಹಲ್ಲನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದಳು. ಆಮೇಲೆ ಅಜ್ಜಿಗೆ ಕೇಳಿಸಬಾರದು ಎನ್ನುವಂತೆ ಸಣ್ಣ ದನಿಯಲ್ಲಿ ಕೇಳಿದಳು:

"ಪಾಪ... ಅಜ್ಜಿಗೂ ಬೈತಿದ್ಯಾ ಅಪ್ಪಾ?"